ಮೇಜಿನ ಮೇಲಣ ಮಹಾಸಮರ: ಒಂದು ಮೀಮಾಂಸೆ

ಇಂಗ್ಲೆಂಡಿನ ಯಾವುದಾದರೂ ಸಣ್ಣ ಊರಿನಲ್ಲಿ, ವಾರದ ನಡುವಿನ ಒಂದು ಸಂಜೆ, ಚರ್ಚಿನ ಸಭಾಂಗಣದೊಳಕ್ಕೆ ಐವತ್ತು ದಾಟಿದ ಹತ್ತಾರು ಗಂಡಸರು ಪೆಟ್ಟಿಗೆಗಳನ್ನು ಹೊತ್ತು ಬರುತ್ತಾರೆ. ಮಡಿಸುವ ಮೇಜುಗಳನ್ನು ಜೋಡಿಸಿ, ಹಸಿರು ಬಟ್ಟೆ ಹಾಸಿ, ಅದರ ಮೇಲೆ ಇಂಚೆತ್ತರದ ಸೈನಿಕರನ್ನು ಸಾಲು ಹಿಡಿಸುತ್ತಾರೆ. ನೋಡಿದವರು ಇದನ್ನು ಯುದ್ಧದಾಟವೆಂದು ತಿಳಿಯುವುದು ಸಹಜ. ಆ ಭ್ರಾಂತಿಯನ್ನು ನಿವಾರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಲ್ಲಿ ನಡೆಯುವುದು ತರ್ಕಗೋಷ್ಠಿ, ಸೈನಿಕರು ನಿಮಿತ್ತಮಾತ್ರ.

ಗುರುಪರಂಪರೆ ಹೇಳದೆ ಶಾಸ್ತ್ರಕ್ಕೆ ಕೈಹಾಕಬಾರದು. ಆದಿಗುರು ಪ್ರಷ್ಯದ ಫಾನ್ ರೈಸ್ವಿಟ್ಸ್. 1812ರಲ್ಲಿ ಈತ ದೊರೆ ಮೂರನೇ ಫ್ರೆಡರಿಕ್ ವಿಲ್ಹೆಲ್ಮನಿಗೆ ಒಪ್ಪಿಸಿದ ಆಟ ಒಂದು ದೊಡ್ಡ ಮೇಜಿನ ರೂಪದಲ್ಲಿತ್ತು. ಅದರ ಡ್ರಾಯರುಗಳ ತುಂಬ ಬೆಟ್ಟ, ಹೊಳೆ, ಹಳ್ಳಿಗಳ ತುಂಡುಗಳು. 1824ರಲ್ಲಿ ಮಗ ಅದನ್ನು ನಕ್ಷೆಗೆ ಇಳಿಸಿ ನಿಯಮಗಳನ್ನು ಅಚ್ಚು ಹಾಕಿಸಿದ, ಪ್ರಷ್ಯದ ಸೇನಾಧಿಕಾರಿಗಳು ಶ್ರದ್ಧೆಯಿಂದ ಕಲಿತರು. ಅಪ್ಪನದು ಪೀಠೋಪಕರಣ ಮಾರ್ಗ, ಮಗನದು ಕಾಗದ ಮಾರ್ಗ. ಇಂದಿನ ಆಟಗಾರರು ನಿಷ್ಠೆಯಿಂದ ಅಪ್ಪನನ್ನೇ ಅನುಸರಿಸುತ್ತಾರೆ, ಮನೆಯಲ್ಲಿ ಜಾಗವಿಲ್ಲದವರೂ.

ಎರಡನೆಯ ಗುರು ಎಚ್. ಜಿ. ವೆಲ್ಸ್. ಅನ್ಯಗ್ರಹದವರನ್ನು ಭೂಮಿಗೆ ಇಳಿಸಿದ ಈ ಮಹಾನುಭಾವ 1913ರಲ್ಲಿ 'ಲಿಟಲ್ ವಾರ್ಸ್' ಬರೆದು, ಸ್ಪ್ರಿಂಗ್ ತೋಪಿನಿಂದ ಮರದ ಚೂರು ಹಾರಿಸಿ ಆಟಿಕೆ ಸೈನಿಕರನ್ನು ಕೆಡಹುವುದಕ್ಕೆ ಶಾಸ್ತ್ರೀಯ ಸ್ಥಾನ ದೊರಕಿಸಿದ. 12ರಿಂದ 150 ವರ್ಷದವರೆಗಿನ ಹುಡುಗರಿಗೆ ಈ ಆಟವೆಂದು ಉಪಶೀರ್ಷಿಕೆಯಲ್ಲೇ ವಿಧಿಸಿದ. 151ನೆಯ ವರ್ಷದಲ್ಲಿ ಏನು ಮಾಡಬೇಕೆಂಬುದಕ್ಕೆ ಗ್ರಂಥದಲ್ಲಿ ಆಧಾರವಿಲ್ಲ. ಮರುವರ್ಷವೇ ಯೂರೋಪಿನ ದೊರೆಗಳು ಇದನ್ನು ಮೇಜಿಲ್ಲದೆ ಆಡಿದ್ದಕ್ಕೆ ವೆಲ್ಸ್ ಹೊಣೆಯಲ್ಲ. ನಿಜಯುದ್ಧದ ಮೂರ್ಖತನ ಅರಿವಾಗಬೇಕಾದರೆ ಈ ಆಟ ಆಡಿ ನೋಡಿ ಎಂಬುದೇ ಅವನ ವಾದವಾಗಿತ್ತು. ಮೂರನೆಯವರು ಸೌತಾಂಪ್ಟನ್ನಿನ ಡೊನಾಲ್ಡ್ ಫೆದರ್‌ಸ್ಟೋನ್: ವೃತ್ತಿಯಿಂದ ಫಿಸಿಯೋಥೆರಪಿಸ್ಟ್, ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದವರು. 1962ರ ಇವರ 'ವಾರ್ ಗೇಮ್ಸ್' ಈ ವ್ಯಸನವನ್ನು ಮನೆಮನೆಗೆ ಮುಟ್ಟಿಸಿತು. ಅದಕ್ಕೆ ಮೂರು ವರ್ಷ ಮೊದಲೇ ಏರ್‌ಫಿಕ್ಸ್ ಕಂಪನಿ ಅಗ್ಗದ ಪ್ಲಾಸ್ಟಿಕ್ ಸೈನಿಕರನ್ನು ಮಾರಲು ತೊಡಗಿದ್ದರಿಂದ, ಹುಡುಗರ ಜೇಬುಕಾಸಿಗೂ ಸೈನ್ಯ ಎಟುಕಿತು.

ಇನ್ನು ಪ್ರಮಾಣ ವಿಚಾರ. ಸೈನಿಕನ ಎತ್ತರ 28 ಮಿಲಿಮೀಟರ್ ಎಂಬುದು ಬಹುಜನಸಮ್ಮತ. ಆದರೆ ಎಲ್ಲಿಂದ ಎಲ್ಲಿಗೆ? ಅಂಗಾಲಿನಿಂದ ನೆತ್ತಿಗೆ ಎನ್ನುವುದು ಒಂದು ಪಂಥ. ನೆತ್ತಿಯ ಮೇಲೆ ಟೋಪಿ ಇರುವುದರಿಂದ ಕಣ್ಣಿನವರೆಗೇ ಅಳೆಯತಕ್ಕದ್ದು ಎನ್ನುವುದು ಇನ್ನೊಂದು ಪಂಥ. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಬೆರೆತಾಗ ಕೆಲವು ಸಿಪಾಯಿಗಳು ತಮ್ಮ ಕುದುರೆಗಿಂತ ಎತ್ತರವಾಗಿ, ದಂಡನಾಯಕ ಅವರ ಮೊಮ್ಮಗನಂತೆ ಕಾಣುತ್ತಾನೆ. ಒಂದು ಬೊಂಬೆ ಎಷ್ಟು ಜನಕ್ಕೆ ಸಮ ಎಂಬ ಪ್ರಶ್ನೆಯೂ ಉಂಟು: 20 ಎನ್ನುವವರಿದ್ದಾರೆ, 33 ಎನ್ನುವವರೂ ಇದ್ದಾರೆ. ಮೂರೇ ಜನ ಸತ್ತರೆ ಯಾರನ್ನು ಎತ್ತಿಡಬೇಕು? ಎತ್ತಿಡಬಾರದು, ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದನ್ನು ಮನಸ್ಸಿನಲ್ಲಿಟ್ಟುಕೊಂಡವರು ಎದುರಾಳಿಗಳು ಮಾತ್ರ.

ಸೂತ್ರಕಾರರಲ್ಲಿ ಅಗ್ರಗಣ್ಯರು ಫಿಲ್ ಬಾರ್ಕರ್. 1969ರಲ್ಲಿ ಸಂಗಡಿಗರೊಡನೆ ಪ್ರಾಚೀನ ಯುದ್ಧಗಳಿಗೆ ನಿಯಮ ಹೊರಡಿಸಿದವರು, 1990ರ 'ಡಿಬಿಎ'ಯಲ್ಲಿ ಪಕ್ಷಕ್ಕೆ 12 ತುಕಡಿಯಂತೆ ಇಡೀ ಪುರಾತನ ಪ್ರಪಂಚವನ್ನು ಒಂದು ತೆಳು ಪುಸ್ತಕಕ್ಕೆ ಅಡಕಿದರು. ಪಾಣಿನಿಯ ಹಾದಿಯವರು, ಒಂದು ಪದ ಉಳಿದರೆ ಹಬ್ಬ. ಹೀಗಾಗಿ ಒಂದು ವಾಕ್ಯ ಬಿಡಿಸಲು ಮೂವರು ಕೂತರೆ ನಾಲ್ಕು ಅರ್ಥ ಹೊರಡುತ್ತವೆ, ಅಷ್ಟರಲ್ಲಿ ರೋಮನರ ಕಾಲ್ದಳಕ್ಕೆ ನಿಂತಲ್ಲೇ ಧೂಳು ಹಿಡಿಯುತ್ತದೆ. ಮಹಾಭಾರತದಲ್ಲಿ ಮೊದಲು ಪಗಡೆ, ಹದಿಮೂರು ವರ್ಷ ಬಿಟ್ಟು ಯುದ್ಧ. ಇಲ್ಲಿ ಎರಡೂ ಒಂದೇ ಮೇಜಿನ ಮೇಲೆ ಒಟ್ಟಿಗೇ ನಡೆಯುವುದರಿಂದ ವನವಾಸದ ವೆಚ್ಚ ಉಳಿತಾಯ.

ಸಾಕ್ಷ್ಯಕ್ಕೆ ಒಂದು ಸಂಜೆಯ ವಿವರ. ಅಂದು ಕಾಳಗ ಪೊಲ್ಲಿಲೂರಿನದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರಾಲಿ ಮತ್ತು ಟಿಪ್ಪು, ಕರ್ನಲ್ ಬೈಲಿಯ ಕಂಪನಿ ಪಡೆಯನ್ನು ಸುತ್ತುಗಟ್ಟಿ ಪುಡಿಮಾಡಿದ ದಿನ. ಮೈಸೂರು ಪಕ್ಷ ವಹಿಸಿದ್ದು ಒಬ್ಬ ನಿವೃತ್ತ ಪೋಸ್ಟ್‌ಮನ್. ಚಳಿಗಾಲ ಪೂರ್ತಿ ಕೂತು ಒಂದು ಹೊಸ ದಳಕ್ಕೆ ಬಣ್ಣ ಬಳಿದು ತಂದಿದ್ದ. ಪ್ರತಿ ಸಿಪಾಯಿಯನ್ನೂ ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಮೂರೇ ಎಳೆ ಕೂದಲಿನಂತಿದ್ದ ಕುಂಚದಿಂದ ಅಂಗಿಯ ಮೇಲೆ ಟಿಪ್ಪುವಿನ ಹುಲಿಪಟ್ಟೆ ಎಳೆದಿದ್ದ. ಬೆನ್ನಿನ ಕಡೆಗೂ. ಹಳಬರೊಬ್ಬರು ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು: ಈ ಸಮವಸ್ತ್ರ ಟಿಪ್ಪು ಪಟ್ಟಕ್ಕೆ ಬಂದ ಮೇಲಿನದು, ಅಂದರೆ 1782ರ ಈಚಿನದು, ಆದ್ದರಿಂದ ಈ ದಳ ಇಲ್ಲಿ ಇಲ್ಲ. ದಳ ಕಣ್ಣೆದುರೇ ಇತ್ತು. ಪ್ರತ್ಯಕ್ಷವೋ ಶಬ್ದಪ್ರಮಾಣವೋ ಎಂದು ಒಂದು ಕಪ್ ಚಹಾದಷ್ಟು ಹೊತ್ತು ಚರ್ಚೆಯಾಗಿ, ಬೇರೆ ಬೊಂಬೆಗಳಿಲ್ಲವೆಂಬ ಪ್ರಬಲ ಹೇತುವಿನಿಂದ ದಳಕ್ಕೆ ಅಸ್ತಿತ್ವ ಮಂಜೂರಾಯಿತು.

ಅಂದಿನ ನಿಯಮದಲ್ಲಿ ಮೈಸೂರು ರಾಕೆಟ್ಟಿನ ದಿಕ್ಕನ್ನು ದಾಳವೇ ಹೇಳಬೇಕು. ಮನಸ್ಸು ಬಂದರೆ ಬಿಟ್ಟವನ ಕಡೆಗೇ ತಿರುಗುತ್ತದೆ. ಎರಡು ರಾಕೆಟ್ ಹೈದರನ ಆನೆಯತ್ತ ಹೋದವು. ಇತಿಹಾಸದಲ್ಲಿ ಬೈಲಿಯ ಮದ್ದಿನ ಬಂಡಿಗಳು ಸಿಡಿದವು. ಮೇಜಿನ ಮೇಲೆ ಅದಕ್ಕೆ ಆರು ಬೀಳಬೇಕಿತ್ತು. ದಾಳ ಉರುಳುತ್ತ ಹೋಗಿ ಪ್ಲಾಸ್ಟಿಕ್ ತಾಳೆಮರಕ್ಕೆ ಒರಗಿ, ಆರಕ್ಕೂ ಎರಡಕ್ಕೂ ನಡುವೆ ವಾಲಿ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿದರು. ಮೊಬೈಲ್ ಟಾರ್ಚು ಬಂತು. ವಾಲಿದ ದಾಳವನ್ನು ಮತ್ತೆ ಎಸೆಯತಕ್ಕದ್ದೆಂಬ ವಿಧಿಯಂತೆ ಎಸೆದಾಗ ಒಂದು ಬಿತ್ತು, ಬಂಡಿಗಳು ಬದುಕಿಕೊಂಡವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ಪಲ್ಲಕ್ಕಿಯಲ್ಲಿ ಕುಳಿತು ಸೋಲುತ್ತಿರುವ ಬೈಲಿ ಸಾಹೇಬರಿಗೆ ಈ ಸುದ್ದಿಯನ್ನು ಯಾರಾದರೂ ಮುಟ್ಟಿಸಬೇಕು.

ಹೊಸದಾಗಿ ಬಣ್ಣ ಕಂಡ ದಳ ಮೊದಲ ಕಾಳಗದಲ್ಲೇ ಕಾಲ್ಕೀಳುತ್ತದೆ ಎಂಬುದು ಈ ಶಾಸ್ತ್ರದಲ್ಲಿ ಅಪವಾದವಿಲ್ಲದ ಏಕೈಕ ನಿಯಮ. ವಾರ್ನಿಷ್ ವಾಸನೆಯೂ ಹೋಗಿರದ ಹುಲಿಪಟ್ಟೆಯವರು ಮೊದಲ ಗುಂಡಿಗೇ ಬೆನ್ನು ತೋರಿಸಿದರು. ಬೆನ್ನಿನ ಪಟ್ಟೆಗಳ ಸಾರ್ಥಕ್ಯ ಆಗ ನನಗೆ ತಿಳಿಯಿತು. ಹಳಬರು ವಿಜಯೋತ್ಸಾಹದಿಂದ ದಳವನ್ನು ಮೇಜಿನಿಂದ ಎತ್ತಲು ಕೈಚಾಚಿದಾಗ ಪೋಸ್ಟ್‌ಮನ್ ತಡೆದ. "ತಡಿ. ಇವರು 1780ರಲ್ಲಿ ಇರಲೇ ಇಲ್ಲ ಅಂದವನು ನೀನೇ ತಾನೆ? ಇಲ್ಲದವರು ಓಡೋದು ಹೇಗಪ್ಪ?"

ಮೊಲದ ಕೊಂಬು ಮುರಿಯಿತೇ ಎಂದು ನಮ್ಮ ನೈಯಾಯಿಕರು ಕೇಳಿದ್ದೂ ಇದನ್ನೇ. ಹಳಬರು ಕೈ ಹಿಂತೆಗೆದು, ನಿಯಮಪುಸ್ತಕ ತೆರೆದು, ಪರಿವಿಡಿಯಲ್ಲಿ 'ಅಸ್ತಿತ್ವ' ಹುಡುಕತೊಡಗಿದರು.