ಸೋಲಲೆಂದೇ ಗೆದ್ದವರು

ಚುನಾವಣೆಯಲ್ಲಿ ಸೋತವರಿಗೆ ಒಂದು ಸುಖವಿದೆ: ಒಂದೇ ಸಲ ಸೋತರೆ ಸಾಕು, ಮುಂದಿನ ಐದು ವರ್ಷ ಆರಾಮ. ಗೆದ್ದು ವಿರೋಧ ಪಕ್ಷದ ಸಾಲಿನಲ್ಲಿ ಕೂರುವವರ ಪಾಡು ಹಾಗಲ್ಲ. ಹಾರ, ಪಟಾಕಿ, ತೆರೆದ ಜೀಪಿನ ಮೆರವಣಿಗೆ ಎಲ್ಲ ಮುಗಿಸಿ ಅವರು ವಿಧಾನಸೌಧದ ಮೆಟ್ಟಿಲು ಹತ್ತುವುದೇ ಅಧಿವೇಶನದ ಪ್ರತಿ ಮತದಲ್ಲೂ ಸೋಲುವುದಕ್ಕೆ.

ಆ ಸೋಲಿಗೂ ಸರಿಯಾದ ಮರ್ಯಾದೆ ಇಲ್ಲ. "ಪರವಾಗಿರುವವರು ಹೌದು ಎನ್ನಿ" ಎಂದು ಸಭಾಧ್ಯಕ್ಷರು ಹೇಳಿದಾಗ ಆ ಕಡೆಯಿಂದ ಅರೆನಿದ್ದೆಯ ಒಂದು ಗುಂಯ್‌ಗುಡುವಿಕೆ. "ವಿರೋಧವಾಗಿರುವವರು ಇಲ್ಲ ಎನ್ನಿ" ಎಂದಾಗ ಈ ಕಡೆಯವರು ಗಂಟಲು ಹರಿದುಕೊಂಡರೂ ಗೆಲ್ಲುವುದು ಗುಂಯ್‌ಗುಡುವಿಕೆಯೇ. ಸೋತವರ ಹೆಸರು ಕಡತದಲ್ಲೂ ಇರುವುದಿಲ್ಲ. ಹಟಮಾರಿಗಳು ಡಿವಿಷನ್ ಕೇಳುವುದು ಅದಕ್ಕೇ. ಗೆಲ್ಲುವ ಆಸೆಯಿಂದಲ್ಲ, ಸೋತದ್ದಕ್ಕೊಂದು ರಸೀದಿ ಇರಲಿ ಎಂದು. ಗಂಟೆ ಬಾರಿಸುತ್ತದೆ, ಬಾಗಿಲು ಮುಚ್ಚುತ್ತದೆ, ತಲೆ ಎಣಿಸುತ್ತಾರೆ. 2019ರ ಜುಲೈ 23ರಂದು ನಮ್ಮ ವಿಧಾನಸಭೆಯಲ್ಲಿ ಹೀಗೆ ಸಾಲುಸಾಲಾಗಿ ಎಣಿಸಿದಾಗ ಲೆಕ್ಕ 99ಕ್ಕೆ 105 ಬಂದು ಕುಮಾರಸ್ವಾಮಿಯವರ ಸರ್ಕಾರವೇ ಬಿತ್ತು. ಅಂಥ ಭಾಗ್ಯ ವಿರೋಧ ಪಕ್ಷಕ್ಕೆ ದಿನಾ ಸಿಗುವುದಿಲ್ಲ.

ಆಳುವ ಪಕ್ಷದವರು ಸೋಲುವುದೇ ಇಲ್ಲವೇ? ಸೋಲುತ್ತಾರೆ, ಯಾರಿಗೂ ಕಾಣದಂತೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿದರೆ ಕುರ್ಚಿಗೇ ಸಂಚಕಾರ. ಮಸೂದೆ ಒಳಗೊಳಗೇ ಹಿಡಿಸದಿದ್ದರೂ "ಹೌದು" ಎಂದು ಕೂಗಿ ಗೆದ್ದು ಮನೆಗೆ ಹೋಗುವ ಶಾಸಕರೆಷ್ಟೋ! ಅವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಸೋಲುವುದರಲ್ಲೂ ಕೈ ಪಳಗಿದವರಿದ್ದರು. ನಮ್ಮ ಶಾಂತವೇರಿ ಗೋಪಾಲಗೌಡರು 1952, 1962, 1967ರಲ್ಲಿ ಗೆದ್ದರು. ಮೂರು ಸಲವೂ ವಿರೋಧದ ಸಾಲೇ. ಅವರ ನಾಯಕ ಲೋಹಿಯಾ ಇನ್ನೂ ಒಂದು ಕೈ ಮೇಲು. 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಎದುರು ಸೋತರು, ಮರುವರ್ಷ ಫರೂಕಾಬಾದಿನ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಬಂದದ್ದೇ ತಡ, 1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿ ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಸೋಲು ಖಚಿತವೆಂದು ಮಂಡಿಸಿದವರಿಗೇ ಗೊತ್ತಿತ್ತು. ಪರ 62, ವಿರುದ್ಧ 347. ಆದರೆ ಆ ಚರ್ಚೆಯಲ್ಲಿ ಎದ್ದು ನಿಂತ ಲೋಹಿಯಾ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದುಬಿಟ್ಟರು. ಅಲ್ಲ, ಹದಿನೈದಾಣೆ ಎಂದರು ನೆಹರೂ. ಮೂರೋ ಹದಿನೈದೋ ಎಂದು ದೇಶವೆಲ್ಲ ಲೆಕ್ಕ ಹಾಕತೊಡಗಿತು. 347 ಮತಗಳನ್ನು ಇವತ್ತು ಪುಸ್ತಕ ತೆಗೆದು ಹುಡುಕಬೇಕು. ಮೂರಾಣೆಯನ್ನು ಹಳೆಯ ಸಮಾಜವಾದಿಗಳು ನಿದ್ದೆಯಲ್ಲೂ ಹೇಳಿಯಾರು.

ಸೋಲಲು ಧೈರ್ಯವಿಲ್ಲದವರಿಗೆ ಶುಕ್ರವಾರದ ಮಧ್ಯಾಹ್ನವಿದೆ. ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆಗಳ ಹೊತ್ತು ಅದು. ಸ್ವಾತಂತ್ರ್ಯಾನಂತರ ಇಂಥ 14 ಮಸೂದೆಗಳಷ್ಟೇ ಕಾನೂನಾಗಿವೆ, ಕೊನೆಯದು 1970ರಲ್ಲಿ. ಸದಸ್ಯರು ತಾವೇ ಬರೆದ ಮಸೂದೆಯ ಮೇಲೆ ಭಾವಪೂರ್ಣವಾಗಿ ಮಾತಾಡುತ್ತಾರೆ, ಸಚಿವರು ಅವರ ಕಳಕಳಿಯನ್ನು ಮೆಚ್ಚಿ "ಸರ್ಕಾರ ಪರಿಶೀಲಿಸುತ್ತದೆ, ದಯವಿಟ್ಟು ಹಿಂಪಡೆಯಿರಿ" ಎನ್ನುತ್ತಾರೆ. ಹಿಂಪಡೆಯಲೂ ಸದನದ ಅನುಮತಿ ಬೇಕು, ಅದನ್ನೂ ಮತಕ್ಕೆ ಹಾಕುತ್ತಾರೆ. ಎರಡೂ ಕಡೆಯವರು ಒಕ್ಕೊರಲಿನಿಂದ "ಹೌದು" ಎನ್ನುತ್ತಾರೆ. ಆ ಒಂದು ಮತದಲ್ಲಿ ಮಾತ್ರ ಸದಸ್ಯರಿಗೆ ಭರ್ಜರಿ ಗೆಲುವು.