ಉಪ್ಪುನೀರಿನ ಧಣಿ

ಶಿರಹಟ್ಟಿಯವರಿಗೆ ಸಮುದ್ರ ನೋಡುವ ಆಸೆಯಾದರೆ ಹುಬ್ಬಳ್ಳಿ ದಾಟಬೇಕು, ಯಲ್ಲಾಪುರ ದಾಟಬೇಕು, ಅರಬೈಲ್ ಘಟ್ಟ ಇಳಿಯಬೇಕು, ಆಮೇಲೆ ಅಂಕೋಲಾ. ಉಪ್ಪುನೀರಿನ ಧಣಿಗೆ ಈ ತಾಪತ್ರಯವಿಲ್ಲ. ಅವರ ಪಡಸಾಲೆಯಲ್ಲಿ, ಹಾರ ಹಾಕಿದ ಹಿರಿಯರ ಫೋಟೊಗಳ ಕೆಳಗೆ, 4 ಅಡಿ ಉದ್ದದ ಗಾಜಿನ ಪೆಟ್ಟಿಗೆಯೊಳಗೆ 300 ಲೀಟರ್ ಸಮುದ್ರ ಗುಳುಗುಳು ಎನ್ನುತ್ತಿರುತ್ತದೆ.

ಧಣಿಯ ಕಸುಬು ಕಾಳಿನ ದಲಾಲಿ. ಶೇಂಗಾ ಒಂದು ಮುಷ್ಟಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಜೊಳ್ಳೆಷ್ಟು ಎಂದು ಹೇಳಬಲ್ಲವರು. ಆದರೆ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸಿಕ್ಕಿಸಿಕೊಂಡಿರುವುದು ಟಿಡಿಎಸ್ ಮೀಟರು. ಮದುವೆ ಊಟಕ್ಕೆ ಕೂತಾಗ ಎಲೆಗೆ ಉಪ್ಪು ಬೀಳುವುದರೊಳಗೆ ಅದನ್ನು ಲೋಟದ ನೀರಿಗೆ ಅದ್ದಿ, ‘ನಾಲ್ಕುನೂರಾ ಇಪ್ಪತ್ತು’ ಎನ್ನುತ್ತಾರೆ. ಪಕ್ಕದವರು ಯಾವ ಕಾಳಿನ ರೇಟು ಎಂದು ಕೇಳುತ್ತಾರೆ. ನೀರಿನಲ್ಲಿ ಕರಗಿದ ಲವಣಗಳ ಲೆಕ್ಕ ಅದು ಎಂದು ತಿಳಿಸಿ ಹೇಳುವಷ್ಟರಲ್ಲಿ ಬುಂದಿ ಬಂದಿರುತ್ತದೆ.

ಗದಗ ಜಿಲ್ಲೆಯ ಬೋರಿನ ನೀರಿಗೆ ಫ್ಲೋರೈಡಿನ ಕಾಟ ಹಳೆಯದು, ಅದರಲ್ಲೂ ಮುಂಡರಗಿ ಕಡೆ. ಹಾಗಾಗಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ 20 ಲೀಟರಿನ ಕ್ಯಾನುಗಳ ಸಾಲು ಇದ್ದದ್ದೇ. ಧಣಿ ಅಲ್ಲಿ ನಾಲ್ಕು ಕ್ಯಾನು ಹಿಡಿದು ನಿಂತರೆ ಹಿಂದಿನವರಿಗೆ ಕುತೂಹಲ.

‘ಧಣ್ಯಾರ, ಮನ್ಯಾಗ ಏನರ ಕಾರ್ಯ ಐತೇನ್ರಿ?’

‘ಇಲ್ಲೋ. ಮೀನಿನ ನೀರು ಬದಲಿ ಮಾಡೋದೈತಿ.’

‘ಮೀನಿಗೂ ಫಿಲ್ಟರ್ ನೀರ?’

‘ಬರೇ ಫಿಲ್ಟರ್ ನೀರು ನಡೆಯೂದಿಲ್ಲ. ಮನಿಗೆ ಒಯ್ದು ಉಪ್ಪು ಹಾಕಬೇಕು.’

‘ಮಷಿನ್ನು ತಗದದ್ದ ಉಪ್ಪು ನೀವು ಮತ್ತ ಹಾಕಾಕ ಇಷ್ಟ ದೂರ ಬಂದ್ರೇನ್ರಿ?’

ಪ್ರಶ್ನೆ ದಡ್ಡತನದ್ದಲ್ಲ. ಉತ್ತರವೂ ಇದೆ. ಬೋರಿನ ನೀರಿನಲ್ಲಿರುವ ನೈಟ್ರೇಟು, ಸಿಲಿಕೇಟು ಪಾಚಿಗೆ ಗೊಬ್ಬರ. ಅವನ್ನು ಪೂರ್ತಿ ತೆಗೆಯಬೇಕು. ಆಮೇಲೆ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲವೂ ಸಮುದ್ರದಲ್ಲಿರುವ ಪ್ರಮಾಣದಲ್ಲೇ ಇರುವ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. 300 ಲೀಟರಿಗೆ ಹತ್ತೂವರೆ ಕಿಲೊ. ಧಣಿ ಇದನ್ನೆಲ್ಲ ವಿವರಿಸುತ್ತಾರೆ, ಸಾಲು ಮುಂದೆ ಸರಿದರೂ ನಿಲ್ಲಿಸುವುದಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಪಾಠ ಸೇರುತ್ತದೆ. ಎರೆಸೀಮೆಯ ಒಣ ಗಾಳಿಗೆ ಟ್ಯಾಂಕಿನ ನೀರು ದಿನವೂ ಇಂಗುತ್ತದೆ. ಆದರೆ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಿಸಬೇಕಾದದ್ದು ಸಿಹಿನೀರು. ಇದು ತಿಳಿಯದ ಅತ್ತೆಯವರು ಒಮ್ಮೆ ‘ಸಮುದ್ರ ಸಪ್ಪಗಾದೀತು’ ಎಂಬ ಕಾಳಜಿಯಿಂದ ಒಂದು ಮುಷ್ಟಿ ಹರಳುಪ್ಪು ಹಾಕಿಬಿಟ್ಟರು. ಅಂದಿನಿಂದ ಟ್ಯಾಂಕಿನ ಮುಚ್ಚಳಕ್ಕೆ ಬೀಗವಿದೆ, ತಿಜೋರಿಯ ಬೀಗಕ್ಕಿಂತ ಹೊಸದು.

ನೀರು ತುಂಬಿದ ಮೇಲೂ ಒಂದೂವರೆ ತಿಂಗಳು ಅದರಲ್ಲಿ ಮೀನಿರಲಿಲ್ಲ. ಕಲ್ಲು, ಮರಳು, ನೀಲಿ ದೀಪ, ಸುತ್ತುವ ಪಂಪು. ನೋಡಲು ಬಂದವರಿಗೆ ಧಣಿ ಗಂಭೀರವಾಗಿ ‘ಸದ್ಯ ಬ್ಯಾಕ್ಟೀರಿಯಾ ಸಾಕೇನ್ರಿ’ ಎನ್ನುತ್ತಿದ್ದರು. ‘ಅವನ್ನ ಸಾಕೂದು ಬ್ಯಾರೆ ಬೇಕ? ನಮ್ಮ ಓಣಿ ಗಟಾರದಾಗ ಬಿಟ್ಟಿ ಅದಾವಲ್ಲ’ ಎಂದ ನೆರೆಯವರಿಗೆ ಚಹಾ ಸಿಗಲಿಲ್ಲ. ಮೀನಿನ ಹೊಲಸಿನಿಂದ ಏಳುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಬೇಕು. ಈ ಎರಡೂ ಮೊದಲು ಕಲ್ಲಿನಲ್ಲಿ ಮನೆ ಹೂಡಿದರಷ್ಟೇ ಮೀನಿನ ಗೃಹಪ್ರವೇಶ.

ಹವಳದ ಟ್ಯಾಂಕು ಎಂದು ಧಣಿ ಕರೆಯುವ ಇದರಲ್ಲಿ ಹವಳವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಂಡೆ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಗಿದೆ. ಅಂದರೆ ನಮ್ಮ ಸಮುದ್ರದಿಂದ ಹವಳ ಕಿತ್ತು ಮನೆಗೆ ತರುವುದೂ ಹುಲಿಯ ಚರ್ಮ ತರುವುದೂ ಕಾನೂನಿನ ಕಣ್ಣಿಗೆ ಒಂದೇ ಸಾಲಿನವು. ಧಣಿ ಕಾನೂನಿಗೆ ಹೆದರುವ ಮನುಷ್ಯ. ಒಣಗಲ್ಲು ಜೋಡಿಸಿ, ಮೇಲೆ ಬಣ್ಣದ ರಾಳದ ಹವಳ ಅಂಟಿಸಿದ್ದಾರೆ. ನಿಜವಾದ ಹವಳ ಇರುವುದು ಅವರ ಉಂಗುರದ ಬೆರಳಿನಲ್ಲಿ, ಕುಜದೋಷಕ್ಕೆ. ಜೀವಂತ ಹವಳ ನೋಡಬೇಕೆನಿಸಿದಾಗ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ ನೇತ್ರಾಣಿ ನಡುಗಡ್ಡೆಯ ಬಳಿ ಮುಳುಗಿ ಬಂದಿದ್ದಾರೆ. ಸಿಲಿಂಡರು ಕಟ್ಟಿಕೊಂಡ ಆ ಫೋಟೊ ಈಗ ಹಿರಿಯರ ಸಾಲಿನಲ್ಲೇ ತೂಗುತ್ತಿದೆ. ಹಾರ ಹಾಕಿಲ್ಲ, ಅಷ್ಟೇ.

ಮನೆಯವರ ಕಷ್ಟ ಬೇರೆ. ಮೊಟ್ಟೆಯೂ ಒಳಗೆ ಬಾರದ ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆ ತೆಗೆಯಲೆಂದು ಕೂಡಿಟ್ಟ ಕೆನೆಯ ಡಬ್ಬಿಯ ಪಕ್ಕ, ಹೆಪ್ಪುಗಟ್ಟಿದ ಸಿಗಡಿಮರಿಗಳ ಪಾಕೀಟು ಕಂಡ ದಿನ ಧಣಿಯ ಮಡದಿ ಅಡುಗೆಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಂಜೆಯೊಳಗೆ ಮೀನಿಗೆಂದೇ ಒಂದು ಪುಟ್ಟ ಫ್ರಿಜ್ಜು ಬಂತು. ಹೆಸ್ಕಾಂ ಕರೆಂಟು ಹೋದರೆ ಇನ್ವರ್ಟರಿನ ಮೊದಲ ಹಕ್ಕು ಅಲೆ ಎಬ್ಬಿಸುವ ಪಂಪಿನದು. ಅಜ್ಜನ ಫ್ಯಾನು ಆಮೇಲೆ. ಅಜ್ಜ ಬೀಸಣಿಗೆ ಹಿಡಿದು ಟ್ಯಾಂಕಿನ ಎದುರೇ ಕೂರುತ್ತಾರೆ, ತಮ್ಮ ಪಾಲಿನ ಗಾಳಿ ಎಲ್ಲಿ ಹೋಗುತ್ತಿದೆ ಎಂದು ನೋಡಿಕೊಂಡು.

ಮೊದಲು ಬಂದದ್ದು ಕೋಡಂಗಿ ಮೀನಿನ ಜೋಡಿ. 2003ರ ಸಿನಿಮಾ ಆದಮೇಲೆ ಜಗತ್ತೆಲ್ಲ ಅದನ್ನು ನಿಮೋ ಎನ್ನುತ್ತದೆ, ಶಿರಹಟ್ಟಿಯೂ ಎನ್ನುತ್ತದೆ. ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ಹಿಡಿಯುತ್ತದೆ, ಗಂಡ ಸಣ್ಣಗೆ ಹಿಂದೆ ಸುತ್ತುತ್ತಾನೆ. ಧಣಿ ಇದನ್ನು ಬೀಗರ ಮುಂದೆ ಹೇಳಿದಾಗ ಒಳಗಿನಿಂದ ‘ಮೀನಿಗರ ತಿಳದೈತೆಲ್ಲ’ ಎಂಬ ಮಾತು ಕೇಳಿಬಂತು. ಆದರೆ ಕೋಡಂಗಿ ಮೀನಿಗೆ ಒಂದು ಜಾಗ ಹಿಡಿದು ಅಲ್ಲೇ ತೂಗಾಡುವ ಸ್ವಭಾವ. ಸಮುದ್ರದಲ್ಲಾದರೆ ಕಡಲಹೂವಿನ ಕುಟುಕುವ ಎಳೆಗಳ ನಡುವೆ, ಇಲ್ಲಿ ಪಂಪಿನ ಮೂಲೆಯಲ್ಲಿ. ಬಂದವರು ಗಾಜಿಗೆ ಮೂಗು ಹಚ್ಚಿ ನೋಡುತ್ತಾರೆ, ನೋಡುತ್ತಾರೆ, ಕೊನೆಗೆ ‘ಜೀವ ಐತಿಲ್ರೀ ಇವಕ್ಕ?’ ಎನ್ನುತ್ತಾರೆ.

ಧಣಿಗೆ ಅದು ತಟ್ಟಿತು. ಟ್ಯಾಂಕಿಗೆ ಒಂದು ಸಣ್ಣ, ಚುರುಕಾದ, ಕೂತಲ್ಲಿ ಕೂಡದ ಮೀನು ಬೇಕೇ ಬೇಕು ಎಂದು ತೀರ್ಮಾನವಾಯಿತು. ಅಲ್ಲಿಂದ ಅವರು ಹೋರಿ ಕೊಳ್ಳಲು ಸಂತೆಗೆ ಹೋದ ರೈತನಂತಾದರು: ಹಲ್ಲು ಸರಿಯಿದ್ದರೆ ಸುಳಿ ಸರಿಯಿಲ್ಲ, ಸುಳಿ ಸರಿಯಿದ್ದರೆ ನಡಿಗೆ ಹಿಡಿಸಲಿಲ್ಲ.

ಬೆಂಗಳೂರಿನ ವ್ಯಾಪಾರಿ ಮೊದಲು ಹೇಳಿದ್ದು ನೀಲಿ ಡ್ಯಾಮ್ಸೆಲ್. ಎರಡು ಇಂಚಿನ ಮಿಂಚು. ಅಗ್ಗ, ಗಟ್ಟಿ ಪ್ರಾಣ. ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೋಡಂಗಿ ಮೀನಿನ ಜೊತೆಗೆ ಹಲವು ಡ್ಯಾಮ್ಸೆಲ್‌ಗಳನ್ನೂ ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ, ಸಮುದ್ರದಿಂದ ಹಿಡಿದೇ ತರಬೇಕೆಂದಿಲ್ಲ. ದೋಷ? ಒಂದು ಕಲ್ಲು ತನ್ನದೆಂದು ಹಿಡಿದರೆ ಮುಗಿಯಿತು. ತನ್ನ ಎರಡರಷ್ಟಿರುವ ಮೀನನ್ನೂ ಹತ್ತಿರ ಬಿಡದು. ಹೊರಗೆ ತೆಗೆಯಬೇಕೆಂದರೆ ಟ್ಯಾಂಕಿನ ಕಲ್ಲೆಲ್ಲ ಕೀಳಬೇಕು. ‘ಮನ್ಯಾಗ ಇರೂ ಜಗಳ ಸಾಕು’ ಎಂದು ಅದು ಬಿತ್ತು.

ಹಸಿರು ಕ್ರೋಮಿಸ್ ಗುಂಪಾಗಿ ಈಜುತ್ತದೆ, ನೋಡಲು ಚೆಂದ. ಆದರೆ ಏಳು ತಂದರೆ ಏಳು ಉಳಿಯುವುದಿಲ್ಲ. ಬಲಿಷ್ಠವಾದದ್ದು ದುರ್ಬಲವಾದದ್ದನ್ನು ಅಟ್ಟಾಡಿಸಿ ತಿಂಗಳಿಗೊಂದರಂತೆ ಕಡಿಮೆ ಮಾಡುತ್ತ ಹೋಗುವುದು ಸಾಮಾನ್ಯ. ಆಂಥಿಯಾಸ್ ಇನ್ನೂ ಸುಂದರ, ಆದರೆ ದಿನಕ್ಕೆ ಮೂರು ನಾಲ್ಕು ಬಾರಿ ಉಣಿಸಬೇಕು. ಅಂಗಡಿ ಬಿಟ್ಟು ಮಧ್ಯಾಹ್ನ ಮೀನಿಗೆ ಬಡಿಸಲು ಯಾರು ಬರಬೇಕು? ಫೈರ್‌ಫಿಶ್ ಎಂಬುದಕ್ಕೆ ಬೆಚ್ಚಿದರೆ ನೀರಿನಿಂದ ಹೊರಗೆ ಹಾರುವ ಚಟ. ಓಣಿಯ ಬೆಕ್ಕುಗಳಿಗೆ ಈ ಸುದ್ದಿ ತಿಳಿಯದಿರಲೆಂದು ಧಣಿ ಅದರ ಮಾತೇ ಎತ್ತುವುದಿಲ್ಲ.

ಅವರ ಮನಸ್ಸು ನಿಂತದ್ದು ಆರುಗೆರೆಯ ರಾಸ್ ಮೇಲೆ. ಮೂರು ಇಂಚು, ಕೆನ್ನೇರಳೆ ಮೈಯುದ್ದಕ್ಕೂ ಆರು ಗೆರೆ, ಹಸಿರು ಬಾಲ, ಒಂದೊಂದು ದಿಕ್ಕಿಗೆ ಒಂದೊಂದಾಗಿ ಹೊರಳುವ ಕಣ್ಣು. ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಸಂದುಗೊಂದಿಗಳಲ್ಲಿ ನುಗ್ಗಿ ಸಣ್ಣ ಹುಳಗಳನ್ನು ಹೆಕ್ಕುತ್ತಿರುತ್ತದೆ, ಹವಳಕ್ಕೆ ಕಾಟ ಕೊಡುವ ಚಪ್ಪಟೆ ಹುಳಗಳನ್ನೂ. ರಾತ್ರಿ ತನ್ನ ಸುತ್ತ ಲೋಳೆಯ ಹೊದಿಕೆ ನೆಯ್ದುಕೊಂಡು ಮಲಗುತ್ತದೆ. ಇಷ್ಟು ದುಡಿದು ಇಷ್ಟು ಅಚ್ಚುಕಟ್ಟಾಗಿ ಮಲಗುವ ಪ್ರಾಣಿ ತಮ್ಮ ಅಂಗಡಿಯಲ್ಲಿ ಒಂದೂ ಇಲ್ಲ ಎಂದು ಧಣಿಗೆ ಅಸೂಯೆ. ಆದರೆ ವಯಸ್ಸಾದಂತೆ ಅದು ಪುಂಡಾಗುತ್ತದೆ, ಆಮೇಲೆ ಬಂದ ಶಾಂತ ಮೀನನ್ನು ಬಾಳಗೊಡುವುದಿಲ್ಲ. ಎಲ್ಲ ಮೀನು ಬಂದ ಮೇಲೆ ಕೊನೆಗೆ ಬಿಡಬೇಕಾದ ಮೀನದು. ಕೊನೆಯದು ಯಾವುದೆಂದು ಗೊತ್ತಾಗಬೇಕಾದರೆ ಮಿಕ್ಕವು ಗೊತ್ತಾಗಬೇಕು. ಧಣಿ ಮತ್ತೆ ಮೊದಲಿನಿಂದ ಪಟ್ಟಿ ಹಿಡಿದು ಕೂತರು.

ಗೆಳೆಯರಿಗೆ ಬೇಸರ ಬಂತು. ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ‘ಅವು ಹಿಮಾಲಯ ದಾಟಿ ತಾವಾಗೇ ಬಂದು, ತಾವಾಗೇ ಮೇದು, ತಾವಾಗೇ ಹೋಗ್ತಾವು. ಒಂದ ಬಿಲ್ ಇಲ್ಲ. ಅವನ್ನ ನೋಡ್ರಿ ಧಣ್ಯಾರ’ ಎಂದರೊಬ್ಬರು. ಧಣಿ ಹೋಗಿ ನೋಡಿದರು. ಕೆರೆಯ ನೀರಿನ ಟಿಡಿಎಸ್ ಅಳೆದು ಬಂದರು.

ಗದಗಿನ ಮೀನಿನಂಗಡಿಯವನು ಮಾತ್ರ ಒಂದೇ ಮಾತು ಹೇಳಿದ್ದ: ‘ಮೊಲ್ಲಿ ಹಾಕ್ರಿ.’

ಕರಿ ಮೊಲ್ಲಿ ಸಿಹಿನೀರಿನ ಮೀನೆಂದೇ ಎಲ್ಲರೂ ಕೊಳ್ಳುತ್ತಾರೆ, ಇಪ್ಪತ್ತು ಮೂವತ್ತು ರೂಪಾಯಿಗೆ. ಅದರ ಬಳಗದ ಮೂಲ ಮೆಕ್ಸಿಕೋ ಸುತ್ತಿನ ಹೊಳೆಗಳು, ಅಳಿವೆಗಳು. ನಿಧಾನವಾಗಿ ಉಪ್ಪು ಹೆಚ್ಚಿಸುತ್ತ ಹೋದರೆ ಪೂರಾ ಸಮುದ್ರದ ನೀರಿಗೂ ಒಗ್ಗುತ್ತದೆ. ದಿನವಿಡೀ ಓಡಾಡುತ್ತದೆ, ಪಾಚಿ ಕೆರೆದು ತಿನ್ನುತ್ತದೆ, ಜಗಳಗಂಟನಲ್ಲ. ಧಣಿಗೆ ಬೇಕಾದ ಸುಳಿ, ಹಲ್ಲು, ನಡಿಗೆ ಎಲ್ಲ ಸರಿಯಿದ್ದವು. ಸರಿಯಿಲ್ಲದ್ದು ಬೆಲೆ ಒಂದೇ. ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಆಮ್ಲಜನಕ ತುಂಬಿಸಿಕೊಂಡು, ರಾತ್ರಿ ಬಸ್ಸಿನಲ್ಲಿ ಬರಬೇಕಾದ ಜಾಗಕ್ಕೆ ಗದಗಿನ ಮೊಲ್ಲಿಯೇ? ಚಹಾ ಚೂಡಾದ ಖರ್ಚಿಗಿಂತ ಅಗ್ಗದ ಮೀನನ್ನು ಬೀಗರಿಗೆ ಏನೆಂದು ತೋರಿಸುವುದು?

ತಂದವನು ಅಣ್ಣನ ಮಗ, ಗದಗಿನಲ್ಲಿ ಡಿ.ಫಾರ್ಮ್ ಓದುವವನು. ಕಾಕಾ ಅಂಗಡಿಗೆ ಹೋದಾಗ ಒಂದು ಬಕೆಟ್ಟಿನಲ್ಲಿ ಮೊಲ್ಲಿ ಬಿಟ್ಟು, ಟ್ಯಾಂಕಿನಿಂದ ಬಕೆಟ್ಟಿಗೆ ಸಲಾಯಿನ್ ನಳಿಗೆ ಇಳಿಬಿಟ್ಟ. ಅದರ ಪುಟ್ಟ ಗಾಲಿ ತಿರುವಿ, ಹನಿ ಎಣಿಸಿ, ಬಕೆಟ್ಟು ತುಂಬಿದಾಗ ಅರ್ಧ ಚೆಲ್ಲಿ, ಮತ್ತೆ ಹನಿ ಬಿಟ್ಟು, ಸಂಜೆಯ ತನಕ ಕಾದ. ಅಜ್ಜ ಬೀಸಣಿಗೆ ಬಿಟ್ಟು ಪಕ್ಕದಲ್ಲಿ ಕುಳಿತು, ‘ಯಾವ ಡಾಕ್ಟರ್ ಹೇಳಿದ್ದೋ?’ ಎಂದು ಎರಡು ಸಲ ಕೇಳಿದರು.

ಧಣಿ ಬಂದಾಗ ಟ್ಯಾಂಕಿನಲ್ಲಿ ಕಪ್ಪು ಮೀನೊಂದು ಈ ಗಾಜಿನಿಂದ ಆ ಗಾಜಿಗೆ ಓಡುತ್ತಿತ್ತು. ಮೊದಲು ಸಿಟ್ಟು ಬಂತು. ಆಮೇಲೆ ಬೀಗರು ಬಂದರು. ‘ಅಲೆಲೆ, ಇದು ಭಾರೀ ಚುರುಕ ಐತೆಲ್ರೀ! ಎಲ್ಲಿಂದ ತರಿಸಿದ್ರಿ?’

ಧಣಿ ಗಂಟಲು ಸರಿಮಾಡಿಕೊಂಡು ‘ಪೊಯಿಸಿಲಿಯಾ ಸ್ಫೀನಾಪ್ಸ್’ ಎಂದರು. ‘ಮೂಲ ಮೆಕ್ಸಿಕೋ ಕಡೀದು.’

ಅಂಗಡಿಯಿಂದ ಬರುವಾಗಲೇ ಅದಕ್ಕೆ ಹೊಟ್ಟೆಯಿತ್ತು. ಮೊಲ್ಲಿ ಮೊಟ್ಟೆಯಿಡುವುದಿಲ್ಲ, ಈಜುವ ಮರಿಯನ್ನೇ ಹಾಕುತ್ತದೆ. ಒಂದು ಬೆಳಿಗ್ಗೆ ಕಲ್ಲಿನ ಸಂದಿಯಿಂದ ಸಾಸಿವೆ ಸಿಡಿದ ಹಾಗೆ ಮರಿಗಳು ಹೊರಬಿದ್ದವು. ಮೂಲೆ ಬಿಟ್ಟು ಕದಲದ ನಿಮೋ ದಂಪತಿ, ಯಜಮಾನಿ ಮುಂದೆ, ಗಂಡ ಹಿಂದೆ, ಉಪಾಹಾರ ಅಟ್ಟಿಸಿಕೊಂಡು 4 ಅಡಿ ಉದ್ದಕ್ಕೂ ಓಡಾಡಿದರು. ಧಣಿ ವಿಡಿಯೊ ಮಾಡಿ ಗ್ರೂಪಿಗೆ ಹಾಕಿದರು. ಅಜ್ಜ ಚಪ್ಪಾಳೆ ತಟ್ಟಿದರು.

‘ಕಾಕಾ, ಇನ್ನೊಂದು ಮೊಲ್ಲಿ ತರ್ಲೇನು?’ ಎಂದ ಹುಡುಗ.

‘ತರಿಸೂಣು. ಆದ್ರ ಗದಗದಾಗ ಬ್ಯಾಡ. ಆನ್‌ಲೈನ್‌ನ್ಯಾಗ ಸ್ವಲ್ಪ ತುಟ್ಟೀದು ಸಿಗತೈತೇನು ನೋಡು.’