ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮೈಸೂರಿನಿಂದ ಹ್ಯೂಸ್ಟನ್‌ನ ಮಗನ ಮನೆಗೆ ಬಂದಿದ್ದ ರಾಯರು ಕಾಫಿ ಲೋಟ ಕೆಳಗಿಟ್ಟರು. ಟೆಕ್ಸಾಸ್ ರಾಜ್ಯದಲ್ಲಿ 254 ಕೌಂಟಿಗಳಿವೆ ಎಂದು ಮಗ ಆಗಷ್ಟೇ ಹೇಳಿದ್ದ.

“2020ರ ಜನಗಣತೀಲಿ ನಮ್ಮ ಹ್ಯಾರಿಸ್ ಕೌಂಟಿಗೆ 47 ಲಕ್ಷ ಜನ, ಅಪ್ಪ. ಪಶ್ಚಿಮದ ಲವಿಂಗ್ ಕೌಂಟಿಗೆ 64.”

“ಲಕ್ಷವೇನೋ?”

“ತಲೆ.”

“ನಮ್ಮ ವಠಾರದ ನಲ್ಲಿ ಮುಂದೇನೇ ಅಷ್ಟು ಬಿಂದಿಗೆ ಇರ್ತಿತ್ತು! ಮಕ್ಕಳನ್ನ ಬಿಟ್ರೆ ಓಟಿರೋರು ಐವತ್ತು ಜನ ಸಿಗ್ತಾರೇನೋ?”

“ಪಟ್ಟೀಲಿ 64ಕ್ಕಿಂತ ಜಾಸ್ತಿ ಹೆಸರಿದೆ.”

ರಾಯರು ಕನ್ನಡಕ ಒರೆಸಿಕೊಂಡರು. ಒರೆಸಿದರೂ ಲೆಕ್ಕ ಕೂಡಲಿಲ್ಲ. “ಕೌಂಟಿ ಅಂದ್ರೆ ಕೌಂಟು ಮಾಡೋ ಜಾಗ ಅಂದ್ಕೊಂಡಿದ್ದೆ.”

“ಬೇರೆ ಕಡೆ ಇರೋರೂ ಅದೇ ನಮ್ಮೂರು ಅಂತಾರೆ. ಮನೆ ಅಲ್ಲಿದ್ದು, ವಾಪಸ್ ಬರೋ ಮನಸ್ಸಿದ್ರೆ ಆಯ್ತು.”

“ಪ್ರೀತಿ ಅಂದ್ರೆ ಅದು, ಹೆಸರೇ ಲವಿಂಗ್! ನಿನ್ನ ಓಟು?”

“ಗ್ರೀನ್ ಕಾರ್ಡೇ ಬಂದಿಲ್ಲ. ಹದಿನಾಲ್ಕು ವರ್ಷ ಆಯ್ತು. ಜನಗಣತೀಲಿ ಮಾತ್ರ ಎಣಿಸಿದ್ರು.”

“ಸರಿ ಹೋಯ್ತು. ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ, ನೀನು ಲೆಕ್ಕಕ್ಕುಂಟು ಆಟಕ್ಕಿಲ್ಲ! ಆಳೋಕೆ ಎಷ್ಟು ಜನ?”

“47 ಲಕ್ಷಕ್ಕೆ ಒಬ್ಬ ಕೌಂಟಿ ಜಡ್ಜು, ನಾಲ್ವರು ಕಮಿಷನರು.”

“64ಕ್ಕೆ?”

“ಒಬ್ಬ ಜಡ್ಜು, ನಾಲ್ವರು ಕಮಿಷನರು.”